ಇಲ್ಲದ ಡೈರೆಕ್ಟರಿಯೂ ಬರಿದಾದ ಡೈರೆಕ್ಟರಿಯೂ

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಕಚೇರಿಯಲ್ಲಿ ನಡೆದ ಸಂಗತಿಯೊಂದು ಈ ಲೇಖನಕ್ಕೆ ಕಾರಣ. ದಾಖಲೆಗಳ ಪ್ರತಿಯನ್ನು ದಿನವೂ ಸಂಜೆ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸುವ ಏರ್ಪಾಡಿತ್ತು. ಡಿಸ್ಕಿನ ತಂತಿ ಎಂದೋ ಸಡಿಲಿತ್ತು. ಆದರೂ ಪ್ರೋಗ್ರಾಮು 'ಪ್ರತಿಯಾಯಿತು' ಎಂದೇ ವರದಿ ಮಾಡುತ್ತಿತ್ತು. ಕಂಪ್ಯೂಟರಿನ ಒಳಗಿನ ಡಿಸ್ಕ್ ಕೆಟ್ಟ ದಿನ ಹೊರಗಿನದನ್ನು ತೆರೆದು ನೋಡಲು, ಮೂರು ತಿಂಗಳ ಹಿಂದಿನ ಪ್ರತಿಯೇ ಕೊನೆಯದು! ಆಮೇಲಿನವೆಲ್ಲವೂ ಕೆಟ್ಟ ಡಿಸ್ಕಿನೊಳಗೇ ಸೇರಿದ್ದುವು. ಕಾಗದದ ರಿಜಿಸ್ಟರು ಇದ್ದುದರಿಂದ ಮಕ್ಕಳ ವರ್ಗಾವಣೆ ಪತ್ರಗಳಿಗೆ ಕುತ್ತು ಬರಲಿಲ್ಲ. ಒಂದು ಅವಧಿಯ ಅಂಕಪಟ್ಟಿಗಳು ಮಾತ್ರ ಹೋದುವು.

ಇದು ಹೇಗಾಯಿತೆಂಬುದನ್ನು ವಿಚಾರಿಸೋಣ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಹೊರಗಿನ ಡಿಸ್ಕನ್ನು ಒಂದು ಬರಿದಾದ ಡೈರೆಕ್ಟರಿಯ ಮೇಲೆ ಕೂಡಿಸುವರು. (ಡೈರೆಕ್ಟರಿಯೆಂದರೆ ನಮ್ಮ ಮಕ್ಕಳು ಫೋಲ್ಡರ್ ಎನ್ನುವುದೇ.) ಹೀಗೆ ಕೂಡಿಸುವುದಕ್ಕೆ ಮೌಂಟ್ ಎಂದು ಹೆಸರು. ಡಿಸ್ಕ್ ನಡುವೆ ಕಳಚಿದರೆ ಮೊದಲು ಓದುಬರಹದ ದೋಷಗಳು ತೋರಬಹುದು. ಮೌಂಟ್ ಪೂರ್ಣವಾಗಿ ಬಿಟ್ಟುಹೋದ ಬಳಿಕ ಅಡಿಯಲ್ಲಿದ್ದ ಬರಿಯ ಡೈರೆಕ್ಟರಿ ಅದೇ ಹೆಸರಿನಿಂದ ಮೇಲೆ ಕಾಣುವುದು. ವಿಳಾಸ ಹಾಗೆಯೇ ಇದೆ, ಮನೆ ಮಾತ್ರ ಬೇರೆ. ನಮ್ಮ ಪ್ರೋಗ್ರಾಮಿನಲ್ಲಿ, ಬೇಕಾದ ಡೈರೆಕ್ಟರಿ ಇಲ್ಲದಿದ್ದರೆ ಹೊಸದಾಗಿ ನಿರ್ಮಿಸು ಎಂಬ ಆಜ್ಞೆಯೊಂದಿತ್ತು. ಅನುಕೂಲಕ್ಕೆಂದು ಬರೆದ ಆ ಒಂದು ಸಾಲೇ ನಮ್ಮನ್ನು ಮೋಸಗೊಳಿಸಿತು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ನಿಯಮವುಂಟು. ಯುನಿಕ್ಸ್ ಪರಂಪರೆಯಲ್ಲಿ ಕಡತದ ಹೆಸರನ್ನು ಅಳಿಸಿದೊಡನೆ ಕಡತವು ನಾಶವಾಗದು. ಅದನ್ನು ತೆರೆದಿಟ್ಟ ಪ್ರೋಗ್ರಾಮು ಮುಚ್ಚುವ ತನಕ ಉಳಿದಿರುವುದು. ಆದುದರಿಂದ ಡೈರೆಕ್ಟರಿಯನ್ನೇ ಅಳಿಸಿಬಿಟ್ಟರೂ ಪ್ರೋಗ್ರಾಮು, ಯಾರೂ ತಲುಪಲಾರದ ಕಡತದಲ್ಲಿ, ನಿಶ್ಚಿಂತೆಯಿಂದ ಬರೆಯುತ್ತಲೇ ಇರಬಲ್ಲದು. ಅಲ್ಲಿ ಹೊಸ ಕಡತವೊಂದನ್ನು ನಿರ್ಮಿಸಹೊರಟಾಗಲೇ ದೋಷ ಹೊರಬೀಳುವುದು.

ದೊಡ್ಡ ವ್ಯವಸ್ಥೆಗಳು ಇದನ್ನು ಹೇಗೆ ಎದುರಿಸುತ್ತವೆ? ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ಮುಖ್ಯ ಪ್ರೋಗ್ರಾಮಿಗೆ ಪೋಸ್ಟ್‌ಮಾಸ್ಟರ್ ಎಂದು ಸೊಗಸಾದ ಹೆಸರಿದೆ. ತನ್ನ ಡೈರೆಕ್ಟರಿಯಲ್ಲಿ ತಾನೇ ಇಟ್ಟ ಚಿಕ್ಕ ಕಡತವೊಂದು ಸ್ಥಳದಲ್ಲಿದೆಯೇ ಎಂದು ಅದು ಸುಮಾರು ನಿಮಿಷಕ್ಕೊಮ್ಮೆ ನೋಡುವುದು. ಕಾಣದಿದ್ದರೆ ಕೆಲಸವನ್ನೇ ನಿಲ್ಲಿಸುವುದು. ಈ ಪರೀಕ್ಷೆಯನ್ನು ಸೇರಿಸಿದ್ದು 2015ರಲ್ಲಿ. ಮೌಂಟ್ ಮಾಡಿದ ಸ್ಥಳದಲ್ಲಿ ನೇರವಾಗಿ ದತ್ತಾಂಶವನ್ನಿಡದೆ, ಡಿಸ್ಕಿನೊಳಗೆ ಒಂದು ಉಪಡೈರೆಕ್ಟರಿಯನ್ನು ಮಾಡಿಕೊಳ್ಳಿರೆಂದೂ ಅದರ ಕೈಪಿಡಿ ಹೇಳುತ್ತದೆ. ಡಿಸ್ಕ್ ಇಲ್ಲದಾಗ ಉಪಡೈರೆಕ್ಟರಿಯೂ ಇರದು. ತಪ್ಪು ಕೂಡಲೇ ಬಯಲಾಗುವುದು.

ಹಡೂಪ್ ಕ್ರಮ ಬೇರೆ. ಅಲ್ಲಿ ಒಂದು ಯಂತ್ರಕ್ಕೆ ಹಲವು ಡಿಸ್ಕುಗಳು. ಎಷ್ಟು ಕೆಟ್ಟರೆ ಸಹಿಸಬೇಕೆಂದು ಮೊದಲೇ ಗೊತ್ತುಮಾಡಬಹುದು. ಗೊತ್ತುಮಾಡದಿದ್ದರೆ ಆ ಸಂಖ್ಯೆ 0, ಅಂದರೆ ಒಂದು ಹೋದರೂ ಆ ಯಂತ್ರದ ಸೇವೆ ನಿಲ್ಲತಕ್ಕದ್ದು. ದತ್ತಾಂಶದ ಪ್ರತಿ ಖಂಡಕ್ಕೂ ಸಾಮಾನ್ಯವಾಗಿ 3 ಪ್ರತಿಗಳು ಬೇರೆ ಬೇರೆ ಯಂತ್ರಗಳಲ್ಲಿರುವುದರಿಂದ, ಉಳಿದವುಗಳಿಂದ ಕೊರತೆಯನ್ನು ತುಂಬಿಕೊಳ್ಳುವರು. ನಮ್ಮಂಥ ಒಂಟಿ ಡಿಸ್ಕಿನವರಿಗೆ ಆ ಭಾಗ್ಯವಿಲ್ಲ.

ಈಗ ನಮ್ಮ ಡಿಸ್ಕಿನೊಳಗೆ ಒಂದು ಗುರುತಿನ ಕಡತವನ್ನು ಇರಿಸಿದ್ದೇವೆ. ಅದು ಕಾಣದಿದ್ದರೆ ಪ್ರೋಗ್ರಾಮು ಒಂದಕ್ಷರವನ್ನೂ ಬರೆಯದೆ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ಎರಡು ಸಲ ನಿಂತಿತು. ಎರಡು ಸಲವೂ ತಂತಿಯದೇ ದೋಷವಾಗಿತ್ತು.