ಕ್ವೇಸಾರ್: ಅತಿದೂರದ ಬೆಳಕಿನ ಲಿಪಿ

ಹಳಗನ್ನಡ ಕಾವ್ಯವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ವಿದ್ಯಾರ್ಥಿಯು 'ಪಾಲ್', 'ಪೂ', 'ಪೆಸರ್' ಎಂಬ ಶಬ್ದಗಳನ್ನು ಕಂಡು, ಇದಾವುದೋ ಪರಭಾಷೆಯೆಂದು ಬೆದರುವುದುಂಟು. ಪದಾದಿಯ ಪಕಾರವು ಕಾಲಾಂತರದಲ್ಲಿ ಹಕಾರವಾಯಿತೆಂಬ ಒಂದು ನಿಯಮವನ್ನು ತಿಳಿಸಿದೊಡನೆ ಅವೇ ಹಾಲು, ಹೂ, ಹೆಸರುಗಳಾಗಿ, ಮನೆಯ ಮಾತುಗಳಾಗಿ ತೋರುತ್ತವೆ. ನಾನು ಖಗೋಳಶಾಸ್ತ್ರದಲ್ಲಿ ಪರಿಶ್ರಮವುಳ್ಳವನಲ್ಲ. ಆದರೂ ಕ್ವೇಸಾರುಗಳ ಶೋಧದ ವೃತ್ತಾಂತವನ್ನು ಓದಿದಾಗ ತರಗತಿಯ ಈ ಅನುಭವವೇ ನೆನಪಿಗೆ ಬಂದಿತು.

ಕೇಂಬ್ರಿಜ್ ವಿದ್ವಾಂಸರು ಆಕಾಶದ ರೇಡಿಯೋ ಮೂಲಗಳನ್ನು ಪಟ್ಟಿಮಾಡುತ್ತ ಬಂದಿದ್ದರು. ಅವರ ಮೂರನೆಯ ಪಟ್ಟಿಯ 273ನೆಯ ಮೂಲಕ್ಕೆ '3ಸಿ 273' ಎಂದು ಹೆಸರು. ಅದರ ನಿಶ್ಚಿತ ಸ್ಥಾನವನ್ನು ತೋರಿಸಿಕೊಟ್ಟವನು ಚಂದ್ರನೇ! 1962ರಲ್ಲಿ ಚಂದ್ರಬಿಂಬವು ಆ ಮೂಲವನ್ನು ಮರೆಮಾಡಿದಾಗ, ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ ಅದರ ಅಲೆಗಳು ಅಡಗಿ ಮರಳಿದ ಕ್ಷಣಗಳನ್ನು ಗುರುತಿಸಿದರು. ಆ ಸ್ಥಾನದಲ್ಲಿ ಕಂಡದ್ದು ಮಸುಕಾದ ಒಂದು ನಕ್ಷತ್ರದಂತಹ ಚುಕ್ಕೆ.

ಅಮೆರಿಕದ ಪಾಲೊಮಾರ್ ಪರ್ವತದ 200 ಅಂಗುಲದ ದೂರದರ್ಶಕದಿಂದ ಮಾರ್ಟೆನ್ ಸ್ಮಿಟ್ ಎಂಬ ವಿಜ್ಞಾನಿ ಆ ಚುಕ್ಕೆಯ ಬೆಳಕಿನ ರೋಹಿತವನ್ನು ಪಡೆದನು. ಅದರಲ್ಲಿನ ರೇಖೆಗಳು ತಿಳಿದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. 1963ರ ಫೆಬ್ರುವರಿಯಲ್ಲಿ ಅವುಗಳ ನಡುವಣ ಅಂತರವು ಕ್ರಮಬದ್ಧವಾಗಿರುವುದು ಅವನ ಗಮನಕ್ಕೆ ಬಂದಿತು. ಅವು ಸರ್ವಪರಿಚಿತವಾದ ಜಲಜನಕದ ರೇಖೆಗಳೇ! ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ, ನೂರಕ್ಕೆ ಸುಮಾರು 16ರಷ್ಟು, ಕೆಂಪಿನ ಕಡೆಗೆ ಸರಿದಿದ್ದವು. ಈ ಕೆಂಪು ಪಲ್ಲಟಕ್ಕೆ ಕಾರಣ ವಿಶ್ವದ ವಿಸ್ತರಣೆ: ಬೆಳಕು ಪಯಣಿಸುತ್ತಿರುವಾಗ ಆಕಾಶವೇ ಹಿಗ್ಗುವುದರಿಂದ ಅದರ ಅಲೆಯೂ ಹಿಗ್ಗುತ್ತದೆ. ಪಲ್ಲಟವು ಹೆಚ್ಚಿದಷ್ಟೂ ದೂರವು ಹೆಚ್ಚು. ಲೆಕ್ಕ ಹಾಕಿದರೆ, ಆ ಬೆಳಕು ಹೊರಟದ್ದು ಸುಮಾರು 200 ಕೋಟಿ ವರ್ಷಗಳ ಹಿಂದೆ. ಆಗ ಮನುಷ್ಯನಿರಲಿ, ಹುಲ್ಲುಕಡ್ಡಿಯೂ ಭೂಮಿಯಲ್ಲಿ ಹುಟ್ಟಿರಲಿಲ್ಲ.

ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ನಮ್ಮ ಆಕಾಶಗಂಗೆಯ ಸಮಸ್ತ ತಾರೆಗಳಿಗಿಂತ ನೂರು ಪಾಲಿಗೂ ಮಿಗಿಲಾಗಿ ಬೆಳಗಬೇಕು. 1964ರಲ್ಲಿ ಇಂತಹ ಕಾಯಗಳಿಗೆ 'ಕ್ವೇಸಾರ್' ಎಂಬ ಹೆಸರು ಬಂದಿತು; ನಕ್ಷತ್ರದಂತೆ ತೋರಿದರೂ ಇವು ನಕ್ಷತ್ರಗಳಲ್ಲ. ದೂರದ ತಾರಾಸಮೂಹಗಳ ನಡುವೆ, ಕೋಟ್ಯಂತರ ಸೂರ್ಯರ ತೂಕದ ಕೃಷ್ಣವಿವರಗಳು ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುತ್ತವೆ. ಸುಳಿಯಾಗಿ ಒಳಬೀಳುವ ಆ ಅನಿಲವು ಕಾದು ಸೂಸುವ ಪ್ರಭೆಯೇ ಕ್ವೇಸಾರ್. ಕೃಷ್ಣವಿವರವು ತಾನು ಕಾಣದು. ಅದರ ಹಸಿವು ಮಾತ್ರ ಬೆಳಗುತ್ತದೆ.

ಶೋಧವು ಅಲ್ಲಿಗೆ ನಿಲ್ಲಲಿಲ್ಲ. 2021ರಲ್ಲಿ ಪ್ರಕಟವಾದ ಒಂದು ಕ್ವೇಸಾರಿನ ಬೆಳಕು, 1380 ಕೋಟಿ ವರ್ಷ ವಯಸ್ಸಿನ ಈ ವಿಶ್ವಕ್ಕೆ ಇನ್ನೂ 67 ಕೋಟಿ ವರ್ಷವಾಗಿದ್ದಾಗ ಹೊರಟದ್ದು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ವಿಶ್ವಕ್ಕೆ ಸುಮಾರು 30 ಕೋಟಿ ವರ್ಷವಾಗಿದ್ದಾಗಿನ ಒಂದು ತಾರಾಸಮೂಹವನ್ನೇ ಗುರುತಿಸಿತು. ಅಷ್ಟು ಅಲ್ಪ ಕಾಲದಲ್ಲಿ ಅಂತಹ ಮಹಾಕಾಯಗಳು ಬೆಳೆದ ಬಗೆ ಹೇಗೆಂಬುದು ಇಂದಿಗೂ ವಿದ್ವಾಂಸರ ಮುಂದಿರುವ ಪ್ರಶ್ನೆ.

ಈ ವೃತ್ತಾಂತದಲ್ಲಿ ಅಧ್ಯಾಪಕರು ಮನಗಾಣಬೇಕಾದ ಇನ್ನೊಂದು ಸಂಗತಿಯಿದೆ. '3ಸಿ 48' ಎಂಬ ಮತ್ತೊಂದು ಮೂಲದ ರೋಹಿತವು ಸ್ಮಿಟ್‌ನ ಸಹೋದ್ಯೋಗಿ ಗ್ರೀನ್‌ಸ್ಟೀನರ ಕೈಯಲ್ಲಿ ಮೊದಲೇ ಇದ್ದಿತು. ಆ ಘನ ವಿದ್ವಾಂಸರು ಅದನ್ನು ವಿಚಿತ್ರ ನಕ್ಷತ್ರವೊಂದರ ಅಪೂರ್ವ ಧಾತುಗಳ ಗುರುತೆಂದು ಭಾವಿಸಿದ್ದರು. ಸ್ಮಿಟ್‌ನ ಸೂತ್ರ ದೊರೆತ ದಿನವೇ, ಇಬ್ಬರೂ ಕುಳಿತು ಅದನ್ನೂ ಓದಿದರು. ಅದರ ಪಲ್ಲಟವು ನೂರಕ್ಕೆ 37. ಬೆಳಕು ಬಂದು ಸೇರಿದ್ದಿತು, ಬರೆಹವೂ ಎದುರಿಗಿದ್ದಿತು; ಓದುವ ಬಗೆಯೊಂದೇ ಕೊರತೆಯಾಗಿದ್ದಿತು. ಶಿಷ್ಯನ ಉತ್ತರ ಪತ್ರಿಕೆಯಲ್ಲಿ ಅಪರಿಚಿತ ಶಬ್ದವೊಂದನ್ನು ಕಂಡೊಡನೆ ಕೆಂಪು ಗೀಟೆಳೆಯಲು ಅವಸರಪಡುವ ನನ್ನ ಕೈ, ಇದನ್ನು ಓದಿದಂದಿನಿಂದ ಒಂದು ಕ್ಷಣ ತಡೆಯುತ್ತದೆ. ಅದು ತಪ್ಪೋ, ಅಥವಾ ದೂರದ ಊರಿನಿಂದ ಬರುತ್ತ ತುಸು ಸರಿದ ನಮ್ಮದೇ ಮಾತೋ, ಯಾರು ಬಲ್ಲರು?