ಕಣ್ಣಿಗೆ ಕಾಣದ ಧೂಳು

ಭೀಮಸಮುದ್ರದ ಸುತ್ತಮುತ್ತ ಅದಿರಿನ ಲಾರಿಗಳು ಓಡಾಡುವ ದಾರಿಯ ಅಡಿಕೆ ಗರಿಗಳು ಬೇಸಿಗೆಯಲ್ಲಿ ಕೆಂಪಾಗುವುದನ್ನು ಸದ್ಭಕ್ತರು ಬಲ್ಲರು. ಮಳೆ ಬಂದರೆ ಗರಿ ಮತ್ತೆ ಹಸುರಾಗುತ್ತದೆ. ಆದರೆ ನಮಗೆ ಹೆಚ್ಚು ಕೇಡು ಮಾಡುವುದು ಗರಿಯ ಮೇಲೆ ಕುಳಿತ ಧೂಳಲ್ಲ. ಕಣ್ಣಿಗೆ ಬೀಳದೆ ಗಾಳಿಯಲ್ಲೇ ತೇಲುವ ಧೂಳು.

ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಕಬ್ಬಿಣದ ಕಣ ಅಲ್ಲಿ ನಿಂತರೆ ಎಕ್ಸ್‌ರೇಯಲ್ಲಿ ಚುಕ್ಕೆಗಳಾಗಿ ತೋರುತ್ತದೆ. ಅದಿರಿನೊಡನೆ ಬರುವ ಬೆಣಚುಕಲ್ಲಿನ ಸಿಲಿಕಾ ಇನ್ನೂ ಕ್ರೂರ: ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ. ಈ ಸಿಲಿಕೋಸಿಸ್ ವಾಸಿಯಾಗದು. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ.

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಮುಂದೆ ಷರತ್ತುಗಳೊಡನೆ ಅದು ಮರಳಿತು. 2022ರಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಟ್ಟು ವಾರ್ಷಿಕ ಮಿತಿ 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿತು. ಅದಿರು ಹೆಚ್ಚಿದಂತೆ ಧೂಳಿನ ಹತೋಟಿಯೂ ಬಿಗಿಯಾಗಬೇಕಲ್ಲವೇ?

ರಸ್ತೆಗೆ ಟ್ಯಾಂಕರ್ ನೀರು ಸುರಿದರೆ ಸಾಕೆಂಬ ಭಾವನೆ ಹಲವರಲ್ಲಿದೆ. ಹಿರಿಯೂರು, ಹೊಸದುರ್ಗಗಳಂತಹ ಬಯಲುಸೀಮೆಯಲ್ಲಿ ಆ ನೀರೂ ಯಾರದೋ ಕೊಳವೆಬಾವಿಯದು. ನೀರು ದಪ್ಪ ಧೂಳನ್ನು ಅಡಗಿಸುತ್ತದೆ, ನಿಜ. ಅತಿ ಸಣ್ಣ ಕಣವಾದರೋ ದೊಡ್ಡ ಹನಿಯ ಪಕ್ಕದಿಂದ ಗಾಳಿಯೊಡನೆ ಜಾರಿಹೋಗುತ್ತದೆ. ಅದಕ್ಕೆ ಮಂಜಿನಷ್ಟು ನವುರಾದ ಹನಿ ಬೇಕು. ಅದಕ್ಕಿಂತ ಮೇಲಾದುದು ಹುಟ್ಟುವಲ್ಲಿಯೇ ಧೂಳನ್ನು ಹಿಡಿಯುವುದು. ಅದಿರು ಒಡೆಯುವ ಕ್ರಷರ್, ಜರಡಿ, ಒಂದು ಬೆಲ್ಟಿನಿಂದ ಮತ್ತೊಂದಕ್ಕೆ ಅದಿರು ಬೀಳುವ ಜಾಗ, ಇವನ್ನು ಮುಚ್ಚಿ, ಒಳಗಿನ ಗಾಳಿಯನ್ನು ಹೀರಿ, ಬಟ್ಟೆಚೀಲಗಳ ಮೂಲಕ ಸೋಸಬೇಕು. ಸೈಕ್ಲೋನ್ ಯಂತ್ರವೊಂದನ್ನೇ ನಂಬಿದರೆ ದಪ್ಪ ಕಣ ಮಾತ್ರ ಸಿಗುತ್ತದೆ. ಚೀಲ ಹರಿದಿದ್ದರೆ ಇಷ್ಟೆಲ್ಲ ವೆಚ್ಚ ವ್ಯರ್ಥ. ಹಿಡಿದ ಧೂಳನ್ನು ಬಯಲಿಗೆ ಸುರಿದರೂ ಅಷ್ಟೇ.

ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ ಘನ ಮೀಟರ್ ಗಾಳಿಗೆ ದಿನದ ಸರಾಸರಿ 60, ವರ್ಷದ ಸರಾಸರಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಪ್ರಮಾಣ ಕೇವಲ 5. ಗ್ರಾಮಸಭೆಯಲ್ಲಿ ಈ ಅಳತೆಯ ವರದಿಯನ್ನು ಕೇಳುವುದು ನಮ್ಮ ಹಕ್ಕು.

ಮುಖಕ್ಕೆ ಸುತ್ತಿದ ಟವೆಲು ಈ ಕಣಗಳನ್ನು ತಡೆಯದು. ಎನ್-95 ಮುಖಗವಸು ಮುಖಕ್ಕೆ ಬಿಗಿಯಾಗಿ ಕೂತರೆ ತಡೆಯುತ್ತದೆ. ಮನೆಯಲ್ಲಿ ಒಣ ಪೊರಕೆಗಿಂತ ಒದ್ದೆ ಬಟ್ಟೆ ಲೇಸು. ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಿರಿ. ಕ್ರಷರಿನಲ್ಲಿ ಎಷ್ಟು ವರ್ಷ ಕಾಯಕ ಮಾಡಿದ್ದೀರೆಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ.