ಮೊದಲ ಜಾಲತಾಣಕ್ಕೆ ಯಾವ ಸಾಧನ? – ಒಂಬತ್ತನೇ ತರಗತಿಯಲ್ಲಿ ಒಂದು ಅಭ್ಯಾಸ ಪಾಠ

ಹಿನ್ನೆಲೆ

ಇಂಟರ್ನ್‌ಶಿಪ್‌ಗೆ ನನಗೆ ದೊರೆತ ಸರ್ಕಾರಿ ಪ್ರೌಢಶಾಲೆಯಲ್ಲಿ ಇಕೋ ಕ್ಲಬ್ ಮಕ್ಕಳು ಆವರಣದ ಮರಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ದಾಖಲೆ ಬರೆಯುತ್ತಿದ್ದರು. ಹೊಂಗೆ ಯಾವಾಗ ಚಿಗುರಿತು, ಅತ್ತಿಹಣ್ಣಿಗೆ ಯಾವ ಹಕ್ಕಿ ಬಂತು, ಎಲ್ಲವೂ ಅದರಲ್ಲಿತ್ತು. ಇದನ್ನು ಜಾಲತಾಣದಲ್ಲಿ ಹಾಕೋಣವೆಂದು ಮಕ್ಕಳೇ ಕೇಳಿದರು. ಆದರೆ ಕೆಲವೇ ವಾರಗಳಲ್ಲಿ ನಾನು ಶಾಲೆ ಬಿಡುವವಳು. ನಾನು ಹೋದ ಮೇಲೂ ಮಕ್ಕಳ ಕೆಲಸ ಉಳಿಯಬೇಕಾದರೆ ಯಾವ ಸಾಧನ ಆರಿಸಬೇಕು? ಈ ಪ್ರಶ್ನೆಯನ್ನೇ 5ಇ ಮಾದರಿಯಲ್ಲಿ ಎರಡು ಅವಧಿಗಳ ಪಾಠವಾಗಿ ಯೋಜಿಸಿದೆ.

ಕಲಿಕಾ ಫಲಗಳು

1. ಡೊಮೇನ್, ಹೋಸ್ಟಿಂಗ್, ವೆಬ್‌ಸೈಟ್ ಬಿಲ್ಡರ್ ಇವುಗಳ ವ್ಯತ್ಯಾಸ ತಿಳಿಸುವರು.
2. ಮಾನದಂಡಗಳನ್ನು ರೂಪಿಸಿ, ಸಾಧನವನ್ನು ಆರಿಸಿ, ಕಾರಣ ಕೊಡುವರು.

ತೊಡಗಿಸಿಕೊಳ್ಳುವುದು

"ಬಾಡಿಗೆ ಮಳಿಗೆಯಲ್ಲಿ ಅಂಗಡಿ ಇಟ್ಟಿದ್ದೀರಿ. ಮಾಲೀಕರು ಖಾಲಿ ಮಾಡಿ ಅಂದರೆ?" ಎಂದು ಕೇಳಿದೆ. "ಸಾಮಾನು ಗಾಡಿಗೆ ತುಂಬ್ಕೊಂಡು ಹೋಗ್ತೀವಿ ಮಿಸ್" ಎಂಬ ಉತ್ತರ ಬಂತು. ಇಲ್ಲಿಂದ ಪರಿಕಲ್ಪನೆಗೆ ಬಂದೆವು: ಡೊಮೇನ್ ಅಂಗಡಿಯ ವಿಳಾಸ, ಹೋಸ್ಟಿಂಗ್ ಮಳಿಗೆಯ ಜಾಗ, ಬಿಲ್ಡರ್ ಎಂದರೆ ಕಪಾಟು–ಬೋರ್ಡು ಸಮೇತ ಸಿದ್ಧವಾಗಿ ಸಿಗುವ ಮಳಿಗೆ. 1990ರ ದಶಕದಲ್ಲಿ ಲಕ್ಷಾಂತರ ಜನ ಉಚಿತ ಪುಟ ಮಾಡಿಕೊಂಡಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಕಂಪನಿ ಜಪಾನ್ ಹೊರತುಪಡಿಸಿ 2009ರಲ್ಲಿ ಮುಚ್ಚಿದ ಸಂಗತಿಯನ್ನು ಹೇಳಿದಾಗ ತರಗತಿ ಮೌನವಾಯಿತು.

ಅನ್ವೇಷಿಸುವುದು

ಮಕ್ಕಳ ಚರ್ಚೆಯಿಂದ ಐದು ಪ್ರಶ್ನೆಗಳು ಕಪ್ಪುಹಲಗೆಗೆ ಬಂದವು:

1. ಕನ್ನಡ ಸರಿಯಾಗಿ ಮೂಡುತ್ತದೆಯೇ?
2. ಉಚಿತವೆಂದರೆ ನಿಜಕ್ಕೂ ಉಚಿತವೇ?
3. ಮೊಬೈಲಿನಲ್ಲಿ ಓದಲು ಬರುತ್ತದೆಯೇ?
4. ಬೇರೆಡೆಗೆ ಸಾಗಿಸಬಹುದೇ?
5. ಪಾಸ್‌ವರ್ಡ್ ಯಾರ ಬಳಿ ಇರಬೇಕು?

ಮೂರು ಗುಂಪುಗಳು ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್, ವಿಕ್ಸ್‌ಗಳನ್ನು ಈ ಪ್ರಶ್ನೆಗಳಿಂದ ಪರೀಕ್ಷಿಸಿದವು.

ವಿವರಿಸುವುದು

ಕನ್ನಡದ ವಿಷಯದಲ್ಲಿ ತೊಡಕು ಸಾಧನದಲ್ಲಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮರಗಳ ಪಟ್ಟಿಯನ್ನು ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬಂತು. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಮೂರರಲ್ಲೂ ಸರಿಯಾಯಿತು.

ವಿಕ್ಸ್‌ನಲ್ಲಿ ವಿನ್ಯಾಸದ ಸ್ವಾತಂತ್ರ್ಯ ಹೆಚ್ಚು. ಆದರೆ ಉಚಿತ ಯೋಜನೆಯಲ್ಲಿ ಕಂಪನಿಯ ಜಾಹೀರಾತು ಇರುತ್ತದೆ. ತಾಣವನ್ನು ಇಡಿಯಾಗಿ ಬೇರೆ ಹೋಸ್ಟಿಂಗ್‌ಗೆ ಸಾಗಿಸಲಾಗದು. ವರ್ಡ್‌ಪ್ರೆಸ್ 2003ರಲ್ಲಿ ಬಂದ ಮುಕ್ತ ತಂತ್ರಾಂಶ. ಅದರಲ್ಲಿರುವ ಬರಹಗಳನ್ನು ಒಂದು ಕಡತವಾಗಿ ಹೊರತೆಗೆದು ಇನ್ನೊಂದು ವರ್ಡ್‌ಪ್ರೆಸ್ ತಾಣಕ್ಕೆ ಒಯ್ಯಬಹುದು. ಕಲಿಯಲು ಮಾತ್ರ ಸ್ವಲ್ಪ ಸಮಯ ಬೇಕು. ಗೂಗಲ್ ಸೈಟ್ಸ್‌ನಲ್ಲಿ ಜಾಹೀರಾತಿಲ್ಲ, ಕಲಿಕೆ ಸುಲಭ, ಒಬ್ಬರಿಗಿಂತ ಹೆಚ್ಚು ಜನರಿಗೆ ತಿದ್ದುವ ಅಧಿಕಾರ ಕೊಡಬಹುದು. ವಿನ್ಯಾಸದ ಆಯ್ಕೆ ಕಡಿಮೆ, ಬೇರೆ ಬಿಲ್ಡರ್‌ಗೆ ಸಾಗಿಸುವುದು ಕಷ್ಟ.

ವಿಸ್ತರಿಸುವುದು

ತರಗತಿ ಬಹುಮತದಿಂದ ಗೂಗಲ್ ಸೈಟ್ಸ್ ಆರಿಸಿತು. ಖಾತೆ ಶಾಲೆಯ ಇಮೇಲ್‌ನಲ್ಲಿ. ತಿದ್ದುವ ಅಧಿಕಾರ ಮುಖ್ಯ ಶಿಕ್ಷಕರಿಗೆ ಮತ್ತು ಇಕೋ ಕ್ಲಬ್ ಶಿಕ್ಷಕರಿಗೆ. ನನ್ನ ಸ್ವಂತ ಖಾತೆಯನ್ನು ಎಲ್ಲಿಯೂ ಬಳಸಲಿಲ್ಲ. "ಸಾಮಾನು ಒಯ್ಯೋಕೆ ವರ್ಡ್‌ಪ್ರೆಸ್ಸೇ ಒಳ್ಳೇದು" ಎಂದು ಒಂದು ಗುಂಪು ಕೊನೆಯವರೆಗೂ ವಾದಿಸಿತು. ಆ ವಾದದಿಂದಲೇ ಒಂದು ನಿಯಮ ಹುಟ್ಟಿತು: ಎಲ್ಲ ಬರಹ, ಚಿತ್ರಗಳ ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿರಬೇಕು, ನೋಟ್‌ಬುಕ್ ನಿಲ್ಲಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ಪುಟದಲ್ಲಿ ಮರಗಳ ಚಿತ್ರ ಮಾತ್ರ ಇವೆ. ಮಕ್ಕಳ ಮುಖ, ಹೆಸರು ಇಲ್ಲ.

ಮೌಲ್ಯಮಾಪನ

"ನಿಮ್ಮೂರಿನ ಟೈಲರ್ ಅಂಗಡಿಗೆ ಯಾವ ಸಾಧನ ಸೂಚಿಸುವಿರಿ? ಎರಡು ಕಾರಣ ಕೊಡಿ" ಎಂಬುದು ಪ್ರಶ್ನೆ. ಹೆಚ್ಚಿನವರು ಹಲಗೆಯ ಮಾನದಂಡಗಳನ್ನೇ ಬಳಸಿ ಉತ್ತರಿಸಿದರು. ಒಬ್ಬ ಹುಡುಗ ಬರೆದದ್ದು: "ಗಿರಾಕಿಗಳೆಲ್ಲ ಊರಿನವರೇ. ವಾಟ್ಸ್ಆ್ಯಪ್ ಸಾಕು, ಜಾಲತಾಣ ಬೇಡ." ಪೂರ್ಣ ಅಂಕ ಕೊಟ್ಟೆ. ಮಾರ್ಗದರ್ಶಕ ಶಿಕ್ಷಕರೂ ಆ ಉತ್ತರವನ್ನು ಮೆಚ್ಚಿ, "ಜಾಲತಾಣ ಬೇಕೇ?" ಎಂಬುದನ್ನೇ ಮೊದಲ ಮಾನದಂಡವಾಗಿ ಸೇರಿಸಲು ಸೂಚಿಸಿದರು.

ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಸಾಧನದ ಹೆಸರು ಹೇಳುವ ಮೊದಲು ಮಾನದಂಡಗಳನ್ನು ಮಕ್ಕಳಿಂದಲೇ ಹೊರಡಿಸಿ. ಸಾಧನಗಳು ಬದಲಾಗುತ್ತವೆ, ಆ ಪ್ರಶ್ನೆಗಳು ಮಕ್ಕಳಿಗೆ ಮುಂದೆಯೂ ಬೇಕಾಗುತ್ತವೆ.